ಸ್ಮೃತಿಚಿತ್ರೆ: ಮಡಿಯಿಂದ ಆತ್ಮಪರೀಕ್ಷೆಗೆ

ಮರಾಠಿ ಗದ್ಯಸಾಹಿತ್ಯದಲ್ಲಿ ಲಕ್ಷ್ಮೀಬಾಯಿ ಟಿಳಕರ ‘ಸ್ಮೃತಿಚಿತ್ರೆ’ ಪಡೆದಿರುವ ಸ್ಥಾನ ನಿರ್ವಿವಾದವಾದುದು. 1934ರಿಂದ ಭಾಗಭಾಗವಾಗಿ ಪುಸ್ತಕರೂಪದಲ್ಲಿ ಬೆಳಕು ಕಂಡ ಈ ಆತ್ಮಕಥೆಯನ್ನು ಮಹಾರಾಷ್ಟ್ರದ ವಾಚಕವರ್ಗ ಮತಭೇದವೆಣಿಸದೆ ತನ್ನದಾಗಿಸಿಕೊಂಡಿತು. 1950ರಲ್ಲಿ ಜೋಸೆಫಿನ್ ಇಂಕ್‌ಸ್ಟರರ ಸಂಗ್ರಹಾನುವಾದವೂ 2017ರಲ್ಲಿ ಶಾಂತಾ ಗೋಖಲೆಯವರ ಅನುವಾದವೂ ಅದನ್ನು ಇಂಗ್ಲಿಷಿಗೆ ಒಯ್ದುವು. ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರಿಗೆ ಜ್ಞಾನೇಶ್ವರಿಯಾಗಲಿ ತುಕಾರಾಮರ ಅಭಂಗಗಳಾಗಲಿ ಅಪರಿಚಿತವಲ್ಲ. ಆದರೆ ಆ ನಾಡಿನ ಕ್ರೈಸ್ತರು ಬರೆದ ಮರಾಠಿ ಸಾಹಿತ್ಯ, ಕೈಗೆಟಕುವಂತೆ ಇದ್ದರೂ, ಕನ್ನಡ ವಿಮರ್ಶೆಯ ಗಮನಕ್ಕೆ ಬಂದುದು ಅಲ್ಪ. ಅದರಲ್ಲಿ ಮೊದಲಿಗೆ ಓದಬೇಕಾದ ಕೃತಿ ಇದು.

ಈ ಗ್ರಂಥದ ಬಗೆಗೆ ಸಾಮಾನ್ಯವಾಗಿ ಕೇಳಿಬರುವ ಪ್ರಶಂಸೆಯ ಮಾತುಗಳು ಮೂರು: ಸರಳತೆ, ಹಾಸ್ಯ, ಮುಗ್ಧತೆ. ಶಾಲೆಯನ್ನು ಕಾಣದ ಹೆಣ್ಣುಮಗಳೊಬ್ಬಳು, ಮದುವೆಯಾದ ಮೇಲೆ ಅಕ್ಷರ ಕಲಿತು, ಆಡುವ ಮಾತಿನಲ್ಲಿ ತನ್ನ ಬಾಳನ್ನು ಹೇಳಿಕೊಂಡಳು. ಹೇಳಿದುದು ತಾನಾಗಿಯೇ ಸಾಹಿತ್ಯವಾಯಿತು ಎಂಬುದು ಈ ಪ್ರಶಂಸೆಯ ಸಾರಾಂಶ. ಇದರಲ್ಲಿ ಸುಳ್ಳಿಲ್ಲ. ಆದರೆ ಮುಗ್ಧತೆಯೆಂಬ ಮಾತು ಪ್ರಶಂಸೆಯ ರೂಪದಲ್ಲಿಯೇ ಗ್ರಂಥದ ಬೆಲೆಯನ್ನು ತಗ್ಗಿಸುತ್ತದೆ. ಮುಗ್ಧರಾದವರು ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಲಾರರು. ‘ಸ್ಮೃತಿಚಿತ್ರೆ’ಯಾದರೋ ಆದ್ಯಂತವೂ ಪರೀಕ್ಷೆಯ ಗ್ರಂಥ. ಅದರ ಹಾಸ್ಯ ಆ ಪರೀಕ್ಷೆಯ ಸಾಧನ. ಕ್ರೈಸ್ತ ಸಾಹಿತ್ಯದ ದೀರ್ಘ ಪರಂಪರೆಯಲ್ಲಿ ಆತ್ಮಪರೀಕ್ಷೆ ಪಡೆದ ರೂಪಗಳ ಜೊತೆಯಲ್ಲಿ ಇದನ್ನಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾದೀತು.

ಆ ಪರಂಪರೆಯ ತಲೆಯಲ್ಲಿ ನಿಲ್ಲತಕ್ಕುದು ಸಂತ ಅಗಸ್ಟೀನನ ‘ಕನ್ಫೆಷನ್ಸ್’. ಕ್ರಿ. ಶ. 397ರ ಸುಮಾರಿಗೆ ಆರಂಭವಾಗಿ ಹದಿಮೂರು ಪುಸ್ತಕಗಳಾಗಿ ಬೆಳೆದ ಆ ಕೃತಿ ಉದ್ದಕ್ಕೂ ದೇವರನ್ನೇ ಸಂಬೋಧಿಸುತ್ತದೆ. ಓದುವವನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವ ಸಾಕ್ಷಿ ಮಾತ್ರ. ಹುಡುಗತನದಲ್ಲಿ ಗೆಳೆಯರೊಡನೆ ಕದ್ದ ಪೇರುಹಣ್ಣಿನಂತಹ ಅಲ್ಪ ವಿಷಯವನ್ನೂ ಹಿಡಿದು, ಹಸಿವಿಲ್ಲದೆ ಕದ್ದುದೇಕೆ, ಒಬ್ಬನೇ ಇದ್ದಿದ್ದರೆ ಕದಿಯುತ್ತಿದ್ದೆನೆ ಎಂದು ಅಗಸ್ಟೀನ ಪುಟಗಟ್ಟಲೆ ಶೋಧಿಸುತ್ತಾನೆ. ಅಲ್ಲಿಯ ಆತ್ಮಪರೀಕ್ಷೆಗೆ ನ್ಯಾಯಸ್ಥಾನದ ಗಾಂಭೀರ್ಯವಿದೆ.

ಹನ್ನೊಂದು ಶತಮಾನಗಳ ಅನಂತರ ಇಗ್ನೇಷಿಯಸ್ ಲೊಯೋಲಾ ಈ ಪರೀಕ್ಷೆಯನ್ನು ದಿನಚರಿಗೆ ಇಳಿಸಿದನು. 1548ರಲ್ಲಿ ಅಚ್ಚಾದ ಅವನ ‘ಸ್ಪಿರಿಚುಯಲ್ ಎಕ್ಸರ್‌ಸೈಸಸ್’ ಒಂದು ನಿಯಮವನ್ನು ಹೇಳುತ್ತದೆ. ಸಾಧಕನು ಬೆಳಿಗ್ಗೆ ಎದ್ದೊಡನೆ ತಾನು ಗೆಲ್ಲಬೇಕಾದ ಒಂದು ದೋಷವನ್ನು ನೆನೆಯಬೇಕು; ಮಧ್ಯಾಹ್ನದ ಊಟದ ಮೇಲೊಮ್ಮೆ, ರಾತ್ರಿಯ ಊಟದ ಮೇಲೊಮ್ಮೆ, ಎಷ್ಟು ಸಲ ಎಡವಿದೆನೆಂದು ಲೆಕ್ಕ ಹಾಕಿ ಗೆರೆಯ ಮೇಲೆ ಅಷ್ಟು ಚುಕ್ಕಿಗಳನ್ನಿಡಬೇಕು; ಗೆರೆಗೆ ಗೆರೆಯನ್ನೂ ದಿನಕ್ಕೆ ದಿನವನ್ನೂ ವಾರಕ್ಕೆ ವಾರವನ್ನೂ ಹೋಲಿಸಿ ನೋಡಬೇಕು. ಪ್ರಾಟೆಸ್ಟಂಟರಲ್ಲಿಯೂ ಇದಕ್ಕೆ ಸಮಾನವಾದ ದಿನಚರಿಗಳು ಬೆಳೆದುವು. ಪ್ಯೂರಿಟನ್ನರು ಪಾಪ, ಪ್ರಲೋಭನ, ಕೃಪೆಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದ ಪದ್ಧತಿಯನ್ನು ಮ್ಯಾಕ್ಸ್ ವೇಬರ್ ತನ್ನ 1904–05ರ ಪ್ರಸಿದ್ಧ ಪ್ರಬಂಧದಲ್ಲಿ ಎತ್ತಿ ತೋರಿಸಿದ್ದಾನೆ. ವರ್ತಕನು ಜಮಾಖರ್ಚಿನ ವಹಿಯನ್ನಿಡುವಂತೆ ಭಕ್ತನು ಆತ್ಮದ ವಹಿಯನ್ನಿಟ್ಟನು.

ವಹಿಯನ್ನಿಟ್ಟ ಮಾತ್ರಕ್ಕೆ ಬಾಕಿ ತೀರುವುದಿಲ್ಲವೆಂಬುದಕ್ಕೆ ಸ್ಯಾಮ್ಯುಯಲ್ ಜಾನ್ಸನ್ನನ ‘ಪ್ರೇಯರ್ಸ್ ಅಂಡ್ ಮೆಡಿಟೇಷನ್ಸ್’ ಸಾಕ್ಷಿ. ಆಂಗ್ಲ ನಿಘಂಟಿನ ಕರ್ತೃವಾದ ಈ ಮಹಾವಿದ್ವಾಂಸನು 1784ರ ಡಿಸೆಂಬರಿನಲ್ಲಿ ಮೃತನಾದ ಮೇಲೆ, 1785ರಲ್ಲಿ, ಆ ಟಿಪ್ಪಣಿಗಳು ಪ್ರಕಟವಾದುವು. ಹೊಸ ವರ್ಷ ಬಂದಾಗ, ಈಸ್ಟರ್ ಬಂದಾಗ, ಹುಟ್ಟಿದ ದಿನ ಬಂದಾಗ ಜಾನ್ಸನ್ನನ ಸಂಕಲ್ಪಗಳು ಒಂದೇ: ಬೇಗ ಏಳಬೇಕು, ಆಲಸ್ಯ ಬಿಡಬೇಕು, ಕಾಲವನ್ನು ಸಾರ್ಥಕಪಡಿಸಬೇಕು. ದಶಕಗಳ ಕಾಲ ಸಂಕಲ್ಪ ಮುರಿಯುತ್ತಲೇ ಹೋಯಿತು, ಮುರಿದ ಸಂಕಲ್ಪವನ್ನು ಆತನು ಮತ್ತೆ ಮಾಡುತ್ತಲೇ ಹೋದನು. ಆ ಪುಟಗಳಲ್ಲಿ ಕರುಣೆ ಹುಟ್ಟಿಸುವ ಸತ್ಯವಿದೆ. ಆದರೂ ಅಗಸ್ಟೀನ, ಇಗ್ನೇಷಿಯಸ್, ಜಾನ್ಸನ್ ಈ ಮೂವರಲ್ಲಿಯೂ ಒಂದು ಸಾಮ್ಯವನ್ನು ಗುರುತಿಸಬೇಕು. ಮೂವರೂ ಪರೀಕ್ಷೆಗಾಗಿ ಬಾಳಿನ ಗದ್ದಲದಿಂದ ಒಂದಿಷ್ಟು ಹೊತ್ತು ಬದಿಗೆ ಸರಿಯಬಲ್ಲವರು. ಕೋಣೆಯ ಬಾಗಿಲು ಮುಚ್ಚಿಕೊಂಡು ಏಕಾಂತದಲ್ಲಿ ಮನಸ್ಸನ್ನು ಬಿಚ್ಚಿ ನೋಡುವ ಸೌಕರ್ಯ ಅವರಿಗಿತ್ತು. ಕೋಣೆಯೂ ಇಲ್ಲದ, ಏಕಾಂತವೂ ಇಲ್ಲದ, ಒಲೆಯ ಮುಂದೆ ಹೊತ್ತು ಕಳೆಯುವ ಗೃಹಿಣಿಯ ಆತ್ಮಪರೀಕ್ಷೆ ಎಲ್ಲಿ ನಡೆಯಬೇಕು? ಈ ಪ್ರಶ್ನೆಗೆ ‘ಸ್ಮೃತಿಚಿತ್ರೆ’ ಕೊಡುವ ಉತ್ತರ ಆ ಪರಂಪರೆಗೆ ಹೊಸದಾದುದು.

ಗ್ರಂಥದ ಆರಂಭವನ್ನು ಗಮನಿಸತಕ್ಕುದು. ಲಕ್ಷ್ಮೀಬಾಯಿಯವರು 1868ರಲ್ಲಿ ನಾಸಿಕದ ಸಮೀಪದ ಜಲಾಲಪುರದಲ್ಲಿ, ಗೋಖಲೆ ಮನೆತನದಲ್ಲಿ ಜನಿಸಿದರು. ಅವರ ತಾಯಿಯ ತಂದೆ 1857ರ ಬಂಡಾಯದ ಸಂಬಂಧದಲ್ಲಿ ಗಲ್ಲಿಗೇರಿದವರು. ಆ ಆಘಾತದ ಮೇಲೆ ಲಕ್ಷ್ಮೀಬಾಯಿಯವರ ತಂದೆಯ ಮನಸ್ಸಿಗೆ ಮೈಲಿಗೆಯ ಭೀತಿ ಹಿಡಿಯಿತು. ಮನೆಯೊಳಗೆ ಬರುವುದೆಲ್ಲ ತೊಳೆದೇ ಬರಬೇಕು. ಮನೆಯವರೆಲ್ಲರ ದಿನವೂ ಆ ತೊಳೆಯುವಿಕೆಯಲ್ಲಿಯೇ ಸವೆಯಬೇಕು. ಮರಾಠಿಯಲ್ಲಿ ‘ಸೋವಳೆ’ ಎನಿಸಿಕೊಳ್ಳುವ, ಕನ್ನಡದ ಮನೆಗಳಲ್ಲಿ ‘ಮಡಿ’ಯೆನಿಸಿಕೊಳ್ಳುವ ಆಚಾರ ಇಲ್ಲಿ ರೋಗದ ರೂಪವನ್ನು ತಾಳಿದೆ. ಲೇಖಕಿ ಇದನ್ನು ವರ್ಣಿಸುವಾಗ ವಾಚಕರಿಗೆ ನಗು ಬರುತ್ತದೆ. ಆದರೆ ನಗುವಿನ ಅಡಿಯಲ್ಲಿ ಒಂದು ಸೂಕ್ಷ್ಮವಿದೆ. ಮಡಿಯೆಂಬುದು ಕೂಡ ಒಂದು ನಿತ್ಯಪರೀಕ್ಷೆಯೇ. ಏನನ್ನು ಮುಟ್ಟಿದೆ, ಯಾರ ನೆರಳು ಸೋಕಿತು, ಯಾವ ಪಾತ್ರೆ ಎಲ್ಲಿತ್ತು ಎಂದು ಕ್ಷಣಕ್ಷಣವೂ ಎಚ್ಚರ ವಹಿಸುವ ಮನಸ್ಸು ಇಗ್ನೇಷಿಯಸನ ಸಾಧಕನ ಮನಸ್ಸಿಗಿಂತ ಕಡಿಮೆ ಜಾಗರೂಕವಾದುದಲ್ಲ. ವ್ಯತ್ಯಾಸವಿಷ್ಟೇ: ಆ ಎಚ್ಚರದ ಕಣ್ಣು ಸದಾ ಹೊರಗಡೆಗೆ ತಿರುಗಿರುತ್ತದೆ, ದೋಷ ಯಾವಾಗಲೂ ಬೇರೆಯವರಿಂದ ಬರುತ್ತದೆ.

ಹೀಗೆ ಬೆಳೆದ ಹುಡುಗಿ ಹನ್ನೊಂದರ ವಯಸ್ಸಿನ ಸುಮಾರಿಗೆ ನಾರಾಯಣ ವಾಮನ ಟಿಳಕರ ಕೈಹಿಡಿದಳು. 1861ರಲ್ಲಿ ಜನಿಸಿದ ಟಿಳಕರು ಕವಿ, ಸಂಸ್ಕೃತಜ್ಞ, ಮುಂಗೋಪಿ, ಅಲೆಮಾರಿ. ಕೈಯಲ್ಲಿದ್ದುದನ್ನು ಕೇಳಿದವರಿಗೆ ಕೊಟ್ಟುಬಿಡುವ ಸ್ವಭಾವದವರು. ರೈಲುಪ್ರಯಾಣದಲ್ಲಿ ಯುರೋಪಿಯನ್ ಸಹಪ್ರಯಾಣಿಕನೊಬ್ಬನಿಂದ ದೊರೆತ ಹೊಸ ಒಡಂಬಡಿಕೆಯನ್ನು ಓದಿ, ಬಹುಕಾಲ ತರ್ಕಿಸಿ, 1895ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ಅವರು ಕ್ರೈಸ್ತಮತವನ್ನು ಸ್ವೀಕರಿಸಿದರು. ಹೆಂಡತಿಗೆ ಅದು ಸಿಡಿಲೆರಗಿದಂತಾಯಿತು. ಚಿಕ್ಕ ಮಗನನ್ನು ಕಟ್ಟಿಕೊಂಡು ಆಕೆ ವರ್ಷಗಳ ಕಾಲ ಬಂಧುಗಳ ಆಶ್ರಯದಲ್ಲಿ ಗಂಡನಿಂದ ದೂರವಾಗಿ ಬಾಳಬೇಕಾಯಿತು. ಮತ್ತೆ ಗಂಡನೊಡನೆ ಬಾಳಲು ಬಂದಾಗಲೂ ಜಾತಿಯ ನಿಯಮವನ್ನು ಬಿಡಲಿಲ್ಲ. ಗಂಡನು ಕ್ರೈಸ್ತ, ಹೆಂಡತಿ ಮಡಿಯ ಬ್ರಾಹ್ಮಣಿತಿ. ಬಾಳು ಒಂದು, ಅಡಿಗೆ ನೀರು ಬೇರೆ.

ಗ್ರಂಥದ ತಿರುಳು ಈ ಬೇರೆಯಿಟ್ಟ ನೀರಿನಲ್ಲಿದೆ. ಟಿಳಕರ ಪರಿವರ್ತನೆ ಗ್ರಂಥಗಳ ಮೂಲಕ ಬಂದಿತು. ಲಕ್ಷ್ಮೀಬಾಯಿಯವರದು ಕೊಡದ ಮೂಲಕ ಬಂದಿತು. ಪರರು ಮುಟ್ಟಿದ ನೀರನ್ನು ಕುಡಿಯಬಹುದೆ ಎಂಬ ದಿನದಿನದ ಸಂಕಟದಿಂದ ಅವರ ವಿಚಾರ ಹುಟ್ಟಿತು. ಜಾತಿಯನ್ನು ದೇವರು ಮಾಡಿದನೊ ಮನುಷ್ಯನು ಮಾಡಿದನೊ? ದೇವರೇ ಮಾಡಿದ್ದರೆ ಪ್ರಾಣಿಪ್ರಾಣಿಗಳಲ್ಲಿ ಕಾಣುವ ಭೇದದಂತೆ ಮನುಷ್ಯರಲ್ಲಿಯೂ ಗುರುತು ಕಾಣಬೇಕಿತ್ತಲ್ಲವೆ? ಈ ಬಗೆಯ ಸರಳ ತರ್ಕದಿಂದ ಅವರು ತಮ್ಮ ಮಡಿಯನ್ನು ತಾವೇ ಬಿಟ್ಟರು. ಕ್ರೈಸ್ತರಾದ ಮೇಲೆ ಜಾತಿಯನ್ನು ಬಿಟ್ಟವರಲ್ಲ ಅವರು; ಜಾತಿಯನ್ನು ಬಿಟ್ಟು ಕೆಲಕಾಲವಾದ ಮೇಲೆ, 1900ರಲ್ಲಿ, ಕ್ರೈಸ್ತರಾದವರು. ಈ ಅನುಕ್ರಮಕ್ಕೆ ವಿಮರ್ಶೆಯಲ್ಲಿ ಮಹತ್ತ್ವವಿದೆ. ಮತಾಂತರದ ಕಥೆಗಳಲ್ಲಿ ಸಾಮಾನ್ಯವಾಗಿ ಬೆಳಕು ಮೊದಲು, ನಡತೆ ಆಮೇಲೆ. ಇಲ್ಲಿ ನಡತೆಯ ಪರೀಕ್ಷೆ ಮೊದಲು. ಮತದ ಹೆಸರು ಹಿಂದಿನಿಂದ ಬಂದು ಅದನ್ನು ಕೂಡಿಕೊಳ್ಳುತ್ತದೆ.

ಬಟ್ಟಲಿನ ಹೊರಮೈಯನ್ನು ತೊಳೆದು ಒಳಗನ್ನು ಮರೆಯುವವರನ್ನು ಯೇಸು ಖಂಡಿಸಿದ ಸಂದರ್ಭವೊಂದು ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿದೆ. ಬಹುಮಂದಿಗೆ ಅದೊಂದು ಉಪಮೆ. ಬಟ್ಟಲು ತೊಳೆಯುವುದೇ ಬಾಳಾಗಿದ್ದ ಮನೆಯಲ್ಲಿ ಬೆಳೆದವರಿಗೆ ಅದು ಉಪಮೆಯಲ್ಲ, ನಿತ್ಯದ ಸಂಗತಿ. ಪಾದ್ರಿಯ ಉಪದೇಶಕ್ಕೆ ಎಟಕದ ಆಳಕ್ಕೆ ಇಂತಹ ಮಾತು ಇಂತಹ ಮನಸ್ಸಿನಲ್ಲಿ ಇಳಿಯಬಲ್ಲುದು. ತಂದೆಯ ಮನೆಯಲ್ಲಿ ಕಲಿತ ಎಚ್ಚರವನ್ನು ಲಕ್ಷ್ಮೀಬಾಯಿಯವರು ತೊರೆಯಲಿಲ್ಲ; ಅದರ ಮುಖವನ್ನು ಹೊರಗಿನಿಂದ ಒಳಕ್ಕೆ ತಿರುಗಿಸಿದರು. ಯಾರು ತನ್ನನ್ನು ಮುಟ್ಟಿದರು ಎಂದು ಕೇಳುತ್ತಿದ್ದ ಮನಸ್ಸು, ತಾನು ಯಾರನ್ನು ದೂರವಿಟ್ಟೆನೆಂದು ಕೇಳತೊಡಗಿತು. ಬ್ಯಾಪ್ಟಿಸಮ್ಮಿಗೆ ಕನ್ನಡ ಬೈಬಲು ‘ದೀಕ್ಷಾಸ್ನಾನ’ವೆಂಬ ಮಾತನ್ನು ಬಳಸುತ್ತದೆ. ಮರಾಠಿ ಕ್ರೈಸ್ತರ ‘ಬಾಪ್ತಿಸ್ಮಾ’ದಲ್ಲಿ ಕೇಳದ ನೀರಿನ ಸದ್ದು ಆ ಕನ್ನಡ ಶಬ್ದದಲ್ಲಿ ಕೇಳಿಸುತ್ತದೆ. ಮಡಿಯ ಸ್ನಾನದಿಂದ ದೀಕ್ಷೆಯ ಸ್ನಾನದವರೆಗೆ ಎಂದು ಈ ಗ್ರಂಥದ ಪೂರ್ವಾರ್ಧವನ್ನು ಕನ್ನಡದಲ್ಲಿ ಸಂಗ್ರಹಿಸಿ ಹೇಳಬಹುದು. ‘ಸ್ಮೃತಿ’ಯೆಂಬ ಶಬ್ದಕ್ಕೂ ನೆನಪೆಂದೂ ಧರ್ಮಶಾಸ್ತ್ರವೆಂದೂ ಎರಡರ್ಥ. ಲೇಖಕಿಯ ಮನಸ್ಸಿನಲ್ಲಿ ಎರಡನೆಯ ಅರ್ಥ ಇದ್ದಿರಬೇಕಾಗಿಲ್ಲ. ಆದರೂ ಒಂದು ಸ್ಮೃತಿ ಇನ್ನೊಂದು ಸ್ಮೃತಿಯನ್ನು ವಿಚಾರಣೆಗೆ ಕರೆಯುವ ಗ್ರಂಥಕ್ಕೆ ಈ ಹೆಸರು ಒಪ್ಪುತ್ತದೆ.

ಇದೇ ಕಾಲದ ಇನ್ನೊಬ್ಬ ಮಹಾಮಹಿಳೆಯ ಜೊತೆಯಲ್ಲಿ ಲಕ್ಷ್ಮೀಬಾಯಿಯವರನ್ನು ಹೋಲಿಸುವುದು ಉಚಿತ. ಪಂಡಿತಾ ರಮಾಬಾಯಿಯವರು 1858ರಲ್ಲಿ ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗರೆ ಲೋಕಾಪವಾದಕ್ಕಂಜದೆ ಹೆಂಡತಿಗೆ ಸಂಸ್ಕೃತ ಕಲಿಸಿದ ಪಂಡಿತರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಹೊಂದಿದ ರಮಾಬಾಯಿಯವರು 1907ರಲ್ಲಿ ಇಂಗ್ಲಿಷಿನಲ್ಲಿ ತಮ್ಮ ಸಾಕ್ಷ್ಯವನ್ನು ಬರೆದರು. ಮೊದಲು ತಮಗೆ ಕ್ರೈಸ್ತಮತ ದೊರೆಯಿತು, ಕ್ರಿಸ್ತನು ದೊರೆತುದು ಎಷ್ಟೋ ವರ್ಷಗಳ ಮೇಲೆ ಎಂಬ ಅವರ ಒಪ್ಪಿಗೆ ಆತ್ಮಪರೀಕ್ಷೆಯ ಶ್ರೇಷ್ಠ ನಿದರ್ಶನ. ಅದು ಶಾಸ್ತ್ರಗಳನ್ನು ಓದಿ, ಒಂದನ್ನು ಇನ್ನೊಂದರೊಡನೆ ತೂಗಿ ನೋಡಿದ ವಿದುಷಿಯ ಪರೀಕ್ಷೆ. ಲಕ್ಷ್ಮೀಬಾಯಿಯವರಲ್ಲಿ ತೂಕದ ಬಟ್ಟು ಶಾಸ್ತ್ರವಲ್ಲ. ಅಂದಂದಿನ ಅನ್ನ, ಅಂದಂದಿನ ಅತಿಥಿ, ಅಂದಂದಿನ ಜಗಳ. ರಮಾಬಾಯಿಯವರ ಸಾಕ್ಷ್ಯವನ್ನು ಓದಿದವರು ತಲೆಬಾಗುತ್ತಾರೆ. ಲಕ್ಷ್ಮೀಬಾಯಿಯವರನ್ನು ಓದಿದವರು ತಮ್ಮ ಮನೆಯ ಕಡೆಗೆ ತಿರುಗಿ ನೋಡುತ್ತಾರೆ.

ಹಾಸ್ಯದ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳಬೇಕು. ಕ್ರೈಸ್ತ ಆತ್ಮಪರೀಕ್ಷೆಯ ಗ್ರಂಥಗಳಲ್ಲಿ ಕಣ್ಣೀರು ಹೇರಳ, ನಗು ವಿರಳ. ಪಾಪಭೀತಿಯ ಒಂದು ಅಪಾಯವೆಂದರೆ, ತನ್ನ ಪಾಪವೇ ಲೋಕದಲ್ಲೆಲ್ಲ ದೊಡ್ಡದೆಂದು ಸಾರುವ ವಿಚಿತ್ರವಾದ ಅಹಂಕಾರ ಅದರೊಳಗೆ ಬೆಳೆಯಬಹುದು. ನಗು ಆ ಅಹಂಕಾರಕ್ಕೆ ಮದ್ದು. ಲಕ್ಷ್ಮೀಬಾಯಿಯವರು ತಮ್ಮ ಅಜ್ಞಾನ, ಹಟ, ಸಿಟ್ಟು, ಮಡಿಯ ಹುಚ್ಚು ಇವೆಲ್ಲವನ್ನೂ ಪಕ್ಕದ ಮನೆಯವಳ ಕಥೆ ಹೇಳುವಂತೆ ಹೇಳುತ್ತಾರೆ. ತಮ್ಮ ಪರವಾಗಿ ವಕಾಲತ್ತು ಮಾಡುವುದಿಲ್ಲ, ತಮ್ಮನ್ನು ಹಳಿದುಕೊಂಡು ಹೊಗಳಿಕೆಯನ್ನು ಬೇಡುವುದೂ ಇಲ್ಲ. ಕನ್ನಡದಲ್ಲಿ ಮಡಿಯ ವಿಡಂಬನೆ ಹೊಸತಲ್ಲ. ವಚನಕಾರರು ಒಳಗಿನ ಶುದ್ಧಿಯನ್ನು ಹೊರಗಿನ ಶುದ್ಧಿಯ ಮುಂದಿಟ್ಟರು. ಪುರಂದರದಾಸರು ಮಡಿಯ ಆಡಂಬರವನ್ನು ಕೀರ್ತನೆಗಳಲ್ಲಿ ಲೇವಡಿ ಮಾಡಿದರು. ಆದರೆ ಅಲ್ಲಿ ವಿಡಂಬನೆಗೆ ಗುರಿಯಾದವನು ಬಹುಮಟ್ಟಿಗೆ ಎದುರಿನವನು. ಮಡಿಯುಟ್ಟವಳೇ ತನ್ನ ಮಡಿಯನ್ನು ಕಂಡು ನಕ್ಕು, ನಗುತ್ತ ನಗುತ್ತ ಅದರಿಂದ ಹೊರಬಂದ ಕಥೆ ಬೇರೆಯೇ ಬಗೆಯದು. ಡಿ. ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಗೂ ಈ ಗ್ರಂಥಕ್ಕೂ ಹೆಸರಿನಲ್ಲಿ ಸಾಮ್ಯವಿದೆ. ಆದರೆ ಗುಂಡಪ್ಪನವರು ಚಿತ್ರಗಳನ್ನು ಗೋಡೆಗೆ ತೂಗಿಸಿ ತಾವು ಬದಿಗೆ ನಿಲ್ಲುತ್ತಾರೆ. ಲಕ್ಷ್ಮೀಬಾಯಿಯವರ ಚಿತ್ರಗಳಲ್ಲಿ ಚಿತ್ರಕಾರಳೇ ಎದ್ದು ಕಾಣುವ ಪಾತ್ರ.

ಉತ್ತರಾರ್ಧದ ಬಾಳಿನಲ್ಲಿ ಈ ಪರೀಕ್ಷೆ ಸೇವೆಯ ರೂಪವನ್ನು ತಾಳುತ್ತದೆ. ಅಹಮದನಗರದ ಪ್ಲೇಗಿನ ದಿನಗಳಲ್ಲಿ ರೋಗಿಗಳ ಆರೈಕೆ, ಅನಾಥ ಮಕ್ಕಳ ಪಾಲನೆ, ಗಂಡನು ಕರೆತಂದವರಿಗೆಲ್ಲ ಅನ್ನ. ಒಂದು ಕಾಲದಲ್ಲಿ ಪರರು ಮುಟ್ಟಿದ ನೀರಿಗೆ ಹೇಸಿದ ಕೈಗಳು ರೋಗಿಗಳ ಮೈಯನ್ನು ಮುಟ್ಟಿದುವು. ಲೇಖಕಿ ಈ ವೈದೃಶ್ಯವನ್ನು ಎತ್ತಿ ಆಡುವುದಿಲ್ಲ. ವಾಚಕರು ತಾವಾಗಿಯೇ ಕಾಣಬೇಕು. 1917ರಲ್ಲಿ ಟಿಳಕರು ಮಿಷನ್ನಿನ ಸಂಬಳವನ್ನು ತೊರೆದು ‘ದೇವರ ದರ್ಬಾರ’ವೆಂಬ ಸ್ವತಂತ್ರ ಬಂಧುಕೂಟವನ್ನು ಕಟ್ಟಿ, 1919ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ತುಕಾರಾಮನೆಂಬ ಸೇತುವೆಯ ಮೇಲೆ ತಾನು ಕ್ರಿಸ್ತನ ಬಳಿಗೆ ಬಂದೆನೆಂಬುದು ಟಿಳಕರ ಪ್ರಸಿದ್ಧವಾದ ಅಭಿಪ್ರಾಯ. ಅವರು ಆರಂಭಿಸಿ ಅರೆಯಾಗಿ ಬಿಟ್ಟುಹೋದ ‘ಖ್ರಿಸ್ತಾಯನ’ ಮಹಾಕಾವ್ಯವನ್ನು ಮುಂದುವರಿಸಿದವರು, 1616ರಲ್ಲಿ ಅಚ್ಚಾದ ಫಾದರ್ ಥಾಮಸ್ ಸ್ಟೀಫನ್ಸರ ‘ಕ್ರಿಸ್ತಪುರಾಣ’ದ ದಾರಿಯನ್ನು ಮುಂದಕ್ಕೆ ಒಯ್ದವರು, ಅಕ್ಷರವನ್ನು ತಡವಾಗಿ ಕಲಿತ ಈ ಗೃಹಿಣಿಯೇ. ಇಷ್ಟನ್ನು ಮಾಡಿದವರನ್ನು ಮುಗ್ಧೆಯೆಂದು ಕರೆದು ಸುಮ್ಮನಾಗುವುದು ವಿಮರ್ಶೆಯ ಆಲಸ್ಯ.

ಹಾಗೆಂದು ಗ್ರಂಥದ ನ್ಯೂನತೆಗಳನ್ನು ಮರೆಯಲಾಗದು. ಮೊದಲನೆಯದಾಗಿ, ಟಿಳಕರ ಕೋಪದ ವಿಷಯ. ಗಂಡನ ಸಿಟ್ಟಿಗೂ ಹೊಣೆಗೇಡಿತನಕ್ಕೂ ಲೇಖಕಿ ನಗೆಯ ಹೊದಿಕೆ ಹೊದಿಸುತ್ತಾರೆ. ತಮ್ಮ ದೋಷವನ್ನು ತೆರೆದು ತೋರಿಸಿದ ನಗುವೇ ಇಲ್ಲಿ ಗಂಡನ ದೋಷವನ್ನು ಮುಚ್ಚುತ್ತದೆ. ಮಗ ದೇವದತ್ತರು ತಂದೆಯ ಜೀವನಚರಿತ್ರೆಗೆ ಸಾಮಗ್ರಿ ಕೂಡಿಸುತ್ತಿದ್ದ ಸಂದರ್ಭದಿಂದ ಈ ನೆನಪುಗಳು ಬೆಳೆದುವೆಂಬುದನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. ಆದರೆ ಕೊರತೆ ಕೊರತೆಯೇ. ಎರಡನೆಯದು ಇದಕ್ಕಿಂತ ಭಾರವಾದುದು. ಅಹಮದನಗರ ಪ್ರಾಂತದ ಕ್ರೈಸ್ತರಲ್ಲಿ ಹೆಚ್ಚಿನವರು ಮಹಾರ, ಮಾಂಗ ಜಾತಿಗಳಿಂದ ಬಂದವರು. ಲಕ್ಷ್ಮೀಬಾಯಿಯವರು ಅವರ ನಡುವೆ ಬಾಳಿದರು, ಅವರ ಮಕ್ಕಳನ್ನು ಸಾಕಿದರು. ಆದರೂ ಗ್ರಂಥದ ಕಣ್ಣು ಮಡಿಯನ್ನು ಬಿಟ್ಟವಳ ಕಣ್ಣೇ ಹೊರತು ಆ ಮಡಿಯಿಂದ ದೂರವಿಡಲ್ಪಟ್ಟವರ ಕಣ್ಣಲ್ಲ. ಅವರಿಗೆ ಆ ನೀರಿನ ಕೊಡ ಹೇಗೆ ಕಂಡಿತ್ತು, ಆ ಬ್ರಾಹ್ಮಣಿತಿ ಒಂದು ದಿನ ಅವರ ಕೈಯ ನೀರನ್ನು ಕುಡಿದಾಗ ಅವರಿಗೇನೆನಿಸಿತು ಎಂಬುದಕ್ಕೆ ಇಲ್ಲಿ ಉತ್ತರ ಕಡಿಮೆ. ಆತ್ಮಪರೀಕ್ಷೆ ಎಷ್ಟೇ ಪ್ರಾಮಾಣಿಕವಾಗಿರಲಿ, ಪರೀಕ್ಷಕನೂ ಆರೋಪಿಯೂ ಒಬ್ಬನೇ ಆದಲ್ಲಿ ಫಿರ್ಯಾದಿಯ ಸಾಕ್ಷ್ಯ ದಾಖಲೆಗೆ ಬಾರದೆ ಹೋಗುವ ಸಂಭವವಿದೆ. ಇದು ಈ ಗ್ರಂಥವೊಂದರ ಮಿತಿಯಲ್ಲ. ಅಗಸ್ಟೀನನಿಂದ ಮೊದಲ್ಗೊಂಡು ಈ ಪ್ರಕಾರಕ್ಕೆಲ್ಲ ಅಂಟಿಬಂದ ಮಿತಿ. ಅಗಸ್ಟೀನನು ಹದಿನೈದು ವರ್ಷಗಳಷ್ಟು ಕಾಲ ಜೊತೆಯಲ್ಲಿ ಬಾಳಿ ಕೊನೆಗೆ ದೂರ ಕಳುಹಿದ ಹೆಣ್ಣಿನ ಹೆಸರು ಕೂಡ ಅವನ ಹದಿಮೂರು ಪುಸ್ತಕಗಳಲ್ಲಿ ಬರುವುದಿಲ್ಲ.

ಈ ಮಿತಿಗಳನ್ನು ಒಪ್ಪಿಕೊಂಡ ಮೇಲೆಯೂ ಗ್ರಂಥದ ಸಾಧನೆ ಕುಗ್ಗುವುದಿಲ್ಲ. ಆತ್ಮಪರೀಕ್ಷೆಯೆಂಬುದು ವಿರಕ್ತರಿಗೂ ವಿದ್ವಾಂಸರಿಗೂ ಮೀಸಲಾದ ಸಾಧನೆಯೆಂಬ ಭಾವನೆಯನ್ನು ‘ಸ್ಮೃತಿಚಿತ್ರೆ’ ಅಲುಗಿಸುತ್ತದೆ. ನೀರು ತರುವಾಗ, ಬಡಿಸುವಾಗ, ಬಾಗಿಲಿಗೆ ಬಂದವರನ್ನು ಒಳಗೆ ಕರೆಯುವಾಗ ಅಥವಾ ಕರೆಯದಿರುವಾಗ ಮನುಷ್ಯನು ತನ್ನ ನಿಜವನ್ನು ಹೊರಗೆಡಹುತ್ತಾನೆ. ಅದನ್ನು ಅಲ್ಲಿಯೇ ಕಂಡುಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಈ ತಾತ್ಪರ್ಯ ಒಂದು ಮತದವರಿಗೆ ಸೀಮಿತವಾದುದಲ್ಲವೆಂಬುದನ್ನು ಮರಾಠಿ ವಾಚಕರು ತಮ್ಮ ಪ್ರೀತಿಯಿಂದಲೇ ತೋರಿಸಿದ್ದಾರೆ.

ಊರು ಬಿಟ್ಟು ಬಂದು ಮಹಾನಗರಗಳ ಚಾಳುಗಳಲ್ಲಿಯೂ ವಸತಿಗೃಹಗಳಲ್ಲಿಯೂ ಬಿಡಾರ ಹೂಡಿದ ಕನ್ನಡ ಕುಟುಂಬಗಳಿಗೆ ಈ ಗ್ರಂಥ ಹತ್ತಿರದ್ದಾಗಲು ಇನ್ನೂ ಒಂದು ಕಾರಣವಿದೆ. ಊರಿನಲ್ಲಿ ಕೇಳದಿದ್ದ ಪ್ರಶ್ನೆಗಳನ್ನು ಪರಸ್ಥಳದ ಬಾಳು ಕೇಳುತ್ತದೆ. ಸಾರ್ವಜನಿಕ ನಲ್ಲಿ, ಸಾಮಾನ್ಯ ಮೆಟ್ಟಿಲು, ಪಕ್ಕದ ಮನೆಯ ಅಪರಿಚಿತ ಅಡಿಗೆಯ ವಾಸನೆ ಇವೆಲ್ಲ ಹಳೆಯ ಆಚಾರವನ್ನು ಒಂದೊ ಬಿಗಿಗೊಳಿಸುತ್ತವೆ, ಇಲ್ಲವೆ ಸದ್ದಿಲ್ಲದೆ ಸಡಿಲಿಸುತ್ತವೆ. ಸಡಿಲವಾದುದು ವಿಚಾರದಿಂದಲೊ ಅನುಕೂಲದಿಂದಲೊ ಎಂದು ಕೇಳಿಕೊಳ್ಳುವವರು ಕಡಿಮೆ. ಹೊರಗೆ ಬಿಟ್ಟುದನ್ನು ಮನೆಯೊಳಗೆ ಉಳಿಸಿಕೊಂಡು, ಹಬ್ಬಕ್ಕೆ ಊರಿಗೆ ಹೋದಾಗ ಮತ್ತೆ ಉಡುವ ಮಡಿಗೆ ಏನು ಅರ್ಥವೆಂಬ ಪ್ರಶ್ನೆಯನ್ನು ಲಕ್ಷ್ಮೀಬಾಯಿಯವರು ಯಾರನ್ನೂ ಕೇಳಿಲ್ಲ. ತಮ್ಮನ್ನು ಮಾತ್ರ ಕೇಳಿಕೊಂಡರು. ಉತ್ತರ ದೊರೆತ ದಿನ, ಅದರ ಬೆಲೆಯೆಷ್ಟೆಂದು ಚೌಕಾಸಿ ಮಾಡದೆ ತೆತ್ತರು. ಮರಾಠಿ ಬಲ್ಲ ಕನ್ನಡಿಗರು ಈ ಗ್ರಂಥವನ್ನು ಮೂಲದಲ್ಲಿಯೇ ಓದಬೇಕು. ನಗಿಸುವ ಪುಸ್ತಕವೆಂದು ಕೈಗೆತ್ತಿಕೊಂಡರೂ ಅಡ್ಡಿಯಿಲ್ಲ.